ಮಿಷನ್ ಸ್ಕ್ರಿಪ್ಟಿನಲ್ಲಿ ‘ಅಂಡ್’, ‘ಆರ್’ ಎಡವಟ್ಟು: ತಿದ್ದುವುದು ಹೀಗೆ

ಇಬ್ಬರು ವೈರಿಗಳಲ್ಲಿ ಒಬ್ಬ ಸತ್ತ ಕೂಡಲೇ ‘ಮಿಷನ್ ಪಾಸ್ಡ್’ ಎಂದು ಬಂತೇ? ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಟಕ್ಕೆ ಸ್ಯಾನಿ ಬಿಲ್ಡರ್ ಎಂಬ ಸ್ಕ್ರಿಪ್ಟ್ ಬರೆಯುವ ತಂತ್ರಾಂಶದಲ್ಲಿ ಮಿಷನ್ ಬರೆದಿದ್ದರೆ ಮೊದಲು ಷರತ್ತು ಕೇಳುವ ‘ಇಫ್’ ಸಾಲು ನೋಡಿ. ಅಲ್ಲಿ ‘ಅಂಡ್’ (ಎಲ್ಲ ಷರತ್ತೂ ನಿಜವಾಗಬೇಕು) ಇರಬೇಕಾದಲ್ಲಿ ‘ಆರ್’ (ಒಂದು ನಿಜವಾದರೂ ಸಾಕು) ಕೂತಿರುತ್ತದೆ.

ಪ್ರಯೋಗವನ್ನೆಲ್ಲ ಕ್ಲಿಯೋ ಸ್ಕ್ರಿಪ್ಟಿನಲ್ಲೇ (ಆಟಕ್ಕೆ ಹೊರಗಿನಿಂದ ಸೇರಿಸುವ ಬೇರೆ ಫೈಲು) ಮಾಡಿ. ಆಟದ ಮೂಲ ಮಿಷನ್‌ಗಳಿರುವ ಮುಖ್ಯ ಎಸ್‌ಸಿಎಂ ಫೈಲಿಗೆ ಕೈ ಹಾಕಿದರೆ ಹಳೆಯ ಸೇವ್‌ಗಳು ಕೈಕೊಡುತ್ತವೆ, ಪ್ರತಿ ಸಲ ಹೊಸ ಆಟ ಶುರುಮಾಡಬೇಕಾಗುತ್ತದೆ.

ಒಂದು ಇಫ್‌ಗೆ ಹೆಚ್ಚೆಂದರೆ 8 ಷರತ್ತು. ಎಲ್ಲವೂ ಅಂಡ್ ಆಗಿರಬೇಕು, ಇಲ್ಲವೇ ಎಲ್ಲವೂ ಆರ್. ಹಳೆಯ ಟ್ಯುಟೋರಿಯಲ್‌ಗಳಲ್ಲಿ ಇದೇ ಅಂಕಿಯಲ್ಲಿರುತ್ತದೆ: 1ರಿಂದ 7 ಅಂದರೆ ಅಂಡ್, 21ರಿಂದ 27 ಅಂದರೆ ಆರ್. ಮೂರನೇ ಷರತ್ತು ಸೇರಿಸಿ ಅಂಕಿಯನ್ನು 1ರಲ್ಲೇ ಬಿಟ್ಟವರು ಲೆಕ್ಕವಿಲ್ಲ. ಅಂಡ್‌ನಲ್ಲಿ ಅಂಕಿ ಷರತ್ತುಗಳ ಸಂಖ್ಯೆಗಿಂತ ಒಂದು ಕಡಿಮೆ, ಹಾಗಾಗಿ ಅದು 2 ಆಗಬೇಕಿತ್ತು. ಅಂಕಿ ಅಳಿಸಿ, ಪದವನ್ನೇ ಬರೆಯಿರಿ.

ನಿಜವಾದ ತೊಡಕು ‘ಅಲ್ಲ’ ಎನ್ನುವಲ್ಲಿ. ಸ್ಕ್ರಿಪ್ಟಿನಲ್ಲಿ ಪ್ರತಿ ಷರತ್ತಿಗೂ ಒಂದು ಸಂಕೇತ ಸಂಖ್ಯೆ ಇರುತ್ತದೆ: 0118 ಅಂದರೆ ವ್ಯಕ್ತಿ ಸತ್ತಿದ್ದಾನೆ, 0119 ಅಂದರೆ ಕಾರು ನಾಶವಾಗಿದೆ. ಮೊದಲ ಸೊನ್ನೆ 8 ಆದರೆ ಅರ್ಥ ತಿರುಗುತ್ತದೆ. ಒಬ್ಬನನ್ನು ಕಾರಿನಲ್ಲಿ ಕಾಪಾಡಿ ಕರೆದೊಯ್ಯುವ ಮಿಷನ್ ತೆಗೆದುಕೊಳ್ಳಿ:

ಇಫ್ ಅಂಡ್
8118 (ಪ್ರಯಾಣಿಕ)
8119 (ಕಾರು)
ಸುಳ್ಳಾದರೆ ಜಿಗಿ @ಸೋಲು

ಇದು ಸರಿ. ಸೋಲನ್ನೇ ನೇರವಾಗಿ ಕೇಳೋಣ ಎಂದು 8 ತೆಗೆದು 0118, 0119 ಮಾಡಿ, ಜಿಗಿತವನ್ನೂ ಬದಲಿಸಿ, ಅಂಡ್ ಮಾತ್ರ ಹಾಗೇ ಬಿಟ್ಟರೆ ಕಾರು ಸುಟ್ಟು ಕರಕಲಾದರೂ, ಪ್ರಯಾಣಿಕ ಪಕ್ಕದಲ್ಲಿ ಬದುಕಿ ನಿಂತಿರುವತನಕ ಮಿಷನ್ ಸೋಲುವುದೇ ಇಲ್ಲ. ಷರತ್ತು ತಿರುಗಿಸಿದರೆ ಅಂಡ್ ಕೂಡ ಆರ್ ಆಗಬೇಕು. ಜಿಗಿತದ ಗುರಿಯೂ ಬದಲಾಗಬೇಕು: ಜಿಗಿತ ಸುಳ್ಳಾದಾಗ ಮಾತ್ರ ನಡೆಯುತ್ತದೆ, ಹಾಗಾಗಿ ಈಗ ಅದು ಲೂಪಿನ (ಮತ್ತೆ ಮತ್ತೆ ಓಡುವ ಭಾಗದ) ಲೇಬಲ್‌ಗೆ, ಅಂದರೆ @ ಇಟ್ಟು ಕರೆಯುವ ಹೆಸರಿಗೆ ಹೋಗಲಿ, ಕೆಳಗಿನ ಸಾಲಿನಲ್ಲಿ ಸೋಲು ಬರಲಿ. ಫೈಲಿನ ತುಂಬ ‘ರಿಪ್ಲೇಸ್ ಆಲ್’ ಒತ್ತಬೇಡಿ, ಸರಿಯಿದ್ದದ್ದೂ ಕೆಡುತ್ತದೆ.

ಅಂಡ್, ಆರ್ ಎರಡೂ ಬೇಕಿದ್ದರೆ ಇಫ್ ಒಡೆಯಿರಿ. ‘ಎ ಅಥವಾ ಬಿ, ಜೊತೆಗೆ ಸಿ’ ಎಂದಾದರೆ ಮೊದಲು ಎ, ಬಿಗೆ ಇಫ್ ಆರ್, ಸುಳ್ಳಾದರೆ ಲೂಪಿಗೆ. ಅದರ ಕೆಳಗೆ ಸಿಗೆ ಇನ್ನೊಂದು ಇಫ್. ಸುಳ್ಳಾದರೆ ಅದೂ ಲೂಪಿಗೆ.

ಸಿ ಭಾಷೆಯಿಂದ ಬಂದವರಿಗೆ ಇನ್ನೊಂದು ಗುಂಡಿ ಇದೆ. ಮೊದಲ ಷರತ್ತು ಸುಳ್ಳಾದರೂ ಇಲ್ಲಿ ಉಳಿದವು ಓಡಿಯೇ ಓಡುತ್ತವೆ. ಕಾರು ಇದೆಯೇ ಎಂಬುದನ್ನೂ ಅದರ ಸ್ಥಿತಿಯನ್ನೂ ಒಂದೇ ಇಫ್‌ನಲ್ಲಿ ಕೇಳಿದರೆ ಆಟ ಕ್ರ್ಯಾಶ್ ಆಗಬಹುದು. ಇದಕ್ಕೂ ಎರಡು ಇಫ್ ಬರೆಯಿರಿ.

ಕೊನೆಗೆ ಒಬ್ಬನನ್ನು ಕೊಂದು ನೋಡಿ, ಆಮೇಲೆ ಇಬ್ಬರನ್ನೂ, ಆಮೇಲೆ ಕಾರನ್ನು ಮಾತ್ರ ಸುಟ್ಟು ನೋಡಿ. ಲೂಪಿನಲ್ಲಿ ‘ವೇಟ್ 0’ (ಪ್ರತಿ ಸುತ್ತಿನಲ್ಲೂ ಆಟಕ್ಕೆ ಬಿಡುವು ಕೊಡುವ ಸಾಲು) ಮರೆತಿದ್ದರೆ ಆಟ ಅಲ್ಲೇ ಹೆಪ್ಪುಗಟ್ಟುತ್ತದೆ. ಅದಕ್ಕೆ ಅಂಡ್, ಆರ್‌ಗಳನ್ನು ಬೈಯಬೇಡಿ.