ಬ್ರಿಟನ್ನಿನ ವೈದ್ಯಕೀಯ ಪ್ರವೇಶ ಸಂದರ್ಶನ: ತಯಾರಿ ಹೇಗಿರಬೇಕು?

ಭಾರತದಲ್ಲಿ ಎಂಬಿಬಿಎಸ್ ಸೀಟು ನೀಟ್ ರ‍್ಯಾಂಕಿನ ಮೇಲೆ ನಿರ್ಧಾರವಾಗುವುದರಿಂದ, ಅಭ್ಯರ್ಥಿಯನ್ನು ಎದುರಿಗೆ ಕೂರಿಸಿ ಮಾತನಾಡಿಸುವ ಪದ್ಧತಿ ನಮ್ಮ ಬಹುಪಾಲು ಕಾಲೇಜುಗಳಲ್ಲಿ ಇಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಾಗಲಿ, ಬೆಂಗಳೂರಿನಿಂದ ಅರ್ಜಿ ಹಾಕುವವರಾಗಲಿ, ಅಂಕಗಳ ಜೊತೆಗೆ ಸಂದರ್ಶನದಲ್ಲಿಯೂ ಗೆಲ್ಲಬೇಕಾಗುತ್ತದೆ. ಓದಿನಲ್ಲಿ ಮುಂದಿರುವ ಮಕ್ಕಳು ಇದನ್ನೂ ಇನ್ನೊಂದು ಪರೀಕ್ಷೆಯೆಂದೇ ಭಾವಿಸಿ ಉತ್ತರಗಳನ್ನು ಬಾಯಿಪಾಠ ಮಾಡಲು ತೊಡಗುತ್ತಾರೆ. ಇದು ಖಂಡಿತ ಬೇಡ.

ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸ್ವೀಕರಿಸುವ ಕೇಂದ್ರ ಸಂಸ್ಥೆಯಾದ ಯುಕಾಸ್ ಮೂಲಕ ಅರ್ಜಿ ಸಲ್ಲಿಸಲು ಅಕ್ಟೋಬರ್ 15 ಕೊನೆಯ ದಿನ, ಮತ್ತು ವೈದ್ಯಕೀಯ ಕೋರ್ಸಿಗೆ ನಾಲ್ಕು ಕಡೆ ಮಾತ್ರ ಅರ್ಜಿ ಹಾಕಬಹುದು. ಸಂದರ್ಶನಗಳು ಹೆಚ್ಚಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಡೆಯುತ್ತವೆ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಲ್ಲಿ ಅಧ್ಯಾಪಕರು ವಿಜ್ಞಾನದ ಪ್ರಶ್ನೆಗಳನ್ನು ಮುಂದಿಟ್ಟು ವಿದ್ಯಾರ್ಥಿ ಹೇಗೆ ಯೋಚಿಸುತ್ತಾನೆಂದು ನೋಡುತ್ತಾರೆ. ಉಳಿದ ಹೆಚ್ಚಿನ ಕಡೆ ಇರುವುದು ಎಂಎಂಐ, ಅಂದರೆ ಸರಣಿಯಾಗಿ ನಡೆಯುವ ಕಿರು ಸಂದರ್ಶನಗಳು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಕ್ರಮದಲ್ಲಿ ಅಭ್ಯರ್ಥಿ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ಹೋಗುತ್ತಾನೆ. ಪ್ರತಿಯೊಂದರಲ್ಲಿಯೂ ಬೇರೆ ಪ್ರಶ್ನೆ, ಸಾಮಾನ್ಯವಾಗಿ ಬೇರೆ ಪರೀಕ್ಷಕರು, ಕೆಲವೇ ನಿಮಿಷಗಳ ಅವಧಿ. ಒಂದು ಸ್ಟೇಷನ್ ಕೆಟ್ಟರೂ ಮುಂದಿನ ಪರೀಕ್ಷಕರಿಗೆ ಅದು ಗೊತ್ತಿರುವುದಿಲ್ಲವಾದ್ದರಿಂದ, ಹಿಂದಿನದನ್ನು ಅಲ್ಲಿಯೇ ಬಿಟ್ಟು ಹೊಸದಾಗಿ ಶುರುಮಾಡುವುದನ್ನೂ ಅಭ್ಯಾಸ ಮಾಡಿಕೊಳ್ಳಬೇಕು.

ನೀತಿಸಂಬಂಧಿ ಪ್ರಶ್ನೆಗಳಿಗೆ ಹೆಚ್ಚು ಸಮಯ ಕೊಡಿ. ಒಂದು ಉದಾಹರಣೆ: ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಕ್ಯಾನ್ಸರ್ ಇರುವುದು ಪತ್ತೆಯಾಗಿದೆ. "ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ, ಕೇಳಿದರೆ ಧೈರ್ಯ ಕಳೆದುಕೊಳ್ಳುತ್ತಾರೆ" ಎಂದು ಮಗ ಬೇಡಿಕೊಳ್ಳುತ್ತಾನೆ. ನಮ್ಮ ಮನೆಗಳಲ್ಲಿ ಈ ಮಾತು ಹೊಸದಲ್ಲ, ಅದರ ಹಿಂದಿರುವ ಪ್ರೀತಿಯೂ ಸುಳ್ಳಲ್ಲ. ಆದುದರಿಂದ ಮಗನದು ತಪ್ಪೆಂದು ಒಂದೇ ಏಟಿಗೆ ತೀರ್ಪು ಕೊಡದೆ, ಅವನ ಭಯವೇನೆಂದು ಮೊದಲು ಕೇಳಬೇಕು. ಆಮೇಲೆ ಅಜ್ಜಿಯ ಕಡೆಗೆ ತಿರುಗಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2005ರ ಮೆಂಟಲ್ ಕೆಪಾಸಿಟಿ ಆ್ಯಕ್ಟ್ ಪ್ರಕಾರ, ಸಾಮರ್ಥ್ಯವಿಲ್ಲವೆಂದು ಸಿದ್ಧವಾಗುವವರೆಗೆ ವಯಸ್ಕರೆಲ್ಲರೂ ತಮ್ಮ ನಿರ್ಧಾರವನ್ನು ತಾವೇ ಮಾಡಬಲ್ಲರೆಂದು ಭಾವಿಸಬೇಕು. ಆದ್ದರಿಂದ ತನ್ನ ಕಾಯಿಲೆಯ ಬಗ್ಗೆ ಎಷ್ಟು ತಿಳಿಯಬೇಕು, ಯಾರು ಜೊತೆಗಿರಬೇಕು ಎಂಬುದನ್ನು ಅಜ್ಜಿಯನ್ನೇ ಕೇಳಬೇಕು, ಅದೂ ಮಗನನ್ನು ದುಭಾಷಿಯಾಗಿ ಕೂರಿಸಿಕೊಂಡಲ್ಲ, ವೃತ್ತಿಪರ ದುಭಾಷಿಯ ನೆರವಿನಿಂದ. ಈ ಹೆಜ್ಜೆಗಳನ್ನು ಗಟ್ಟಿಯಾಗಿ ಹೇಳುತ್ತಾ, ಸಂದೇಹವಿರುವಲ್ಲಿ ಹಿರಿಯ ವೈದ್ಯರನ್ನು ಕೇಳುತ್ತೇನೆ ಎನ್ನುವ ವಿದ್ಯಾರ್ಥಿ, ಸ್ವಾಯತ್ತತೆ, ಗೋಪ್ಯತೆ ಎಂಬ ಪದಗಳನ್ನಷ್ಟೇ ಪಟಪಟನೆ ಒಪ್ಪಿಸುವವನಿಗಿಂತ ಎಷ್ಟೋ ಮುಂದಿರುತ್ತಾನೆ.

ಅನುಭವದ ಬಗ್ಗೆ ಕೇಳಿದಾಗ ಪಟ್ಟಿ ಒಪ್ಪಿಸಬೇಡಿ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಿಂತು ನೋಡಿದ್ದೇ ಬೇಕೆಂದಿಲ್ಲ. ಕೇರ್ ಹೋಮ್‌ನಲ್ಲಿ ವಾರಕ್ಕೊಮ್ಮೆ ಚಹಾ ಕೊಟ್ಟಿದ್ದರೂ ಸಾಕು, ಅಲ್ಲಿ ನೀವು ಏನು ಗಮನಿಸಿದಿರಿ ಎಂಬುದು ಮುಖ್ಯ. ಮರೆವಿನ ಕಾಯಿಲೆಯ ಒಬ್ಬ ಹಿರಿಯರು ಚಹಾ ಬೇಡವೆಂದು ಕೈಯಿಂದ ತಳ್ಳುತ್ತಿದ್ದಾಗ, ಆರೈಕೆಯಾಕೆ ನಿಂತು ಒತ್ತಾಯಿಸದೆ, ಕುರ್ಚಿ ಎಳೆದುಕೊಂಡು ಅವರ ಮುಖದ ಮಟ್ಟಕ್ಕೆ ಕುಳಿತು, ಕಪ್ಪಿನ ಹಿಡಿಯನ್ನು ಅವರ ಕೈಗೆ ತಾಗಿಸಿ ಕಾದಿದ್ದನ್ನು ನೀವು ಕಂಡಿದ್ದರೆ, ಅದನ್ನೇ ಹೇಳಿ. ಅದರಿಂದ ನಿಮ್ಮ ನಡವಳಿಕೆಯಲ್ಲಿ ಏನು ಬದಲಾಯಿತೆಂಬುದನ್ನೂ ಸೇರಿಸಿ.

"ವೈದ್ಯರೇ ಏಕೆ ಆಗಬೇಕು?" ಎಂಬ ಪ್ರಶ್ನೆ ಬಹಳ ಕಡೆ ಬರುತ್ತದೆ. ಜನಸೇವೆ ಎಂಬ ಉತ್ತರ ಪ್ರಾಮಾಣಿಕವೇ ಇರಬಹುದು, ಆದರೆ ದಾದಿಯರೂ ಫಿಸಿಯೋಥೆರಪಿಸ್ಟರೂ ಮಾಡುತ್ತಿರುವುದು ಜನಸೇವೆಯನ್ನೇ. ರೋಗವನ್ನು ಗುರುತಿಸುವ, ಅನಿಶ್ಚಿತತೆಯ ನಡುವೆ ನಿರ್ಧಾರದ ಹೊಣೆ ಹೊರುವ ಕೆಲಸ ನಿಮ್ಮನ್ನು ಏಕೆ ಸೆಳೆಯುತ್ತದೆ ಎಂಬುದಕ್ಕೆ ನಿಮ್ಮದೇ ಕಾರಣ ಹುಡುಕಿಕೊಳ್ಳಿ. ತಂದೆ ಅಥವಾ ತಾಯಿ ವೈದ್ಯರಾಗಿರುವುದು ಕಾರಣವಲ್ಲ, ಕಾರಣ ಶುರುವಾದ ಜಾಗ ಅಷ್ಟೆ.

1948ರ ಜುಲೈ 5ರಂದು ಆರಂಭವಾದ ಎನ್‌ಎಚ್‌ಎಸ್, ಅಂದರೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ ಬಗ್ಗೆ, ಅದರ ಮೌಲ್ಯಗಳು, ಕಾಯುವ ಪಟ್ಟಿ ಮತ್ತು ಸಿಬ್ಬಂದಿ ಕೊರತೆಯ ಬಗ್ಗೆ ಓದಿಕೊಳ್ಳಿ. ಬ್ರಿಟನ್ನಿನ ನಾಲ್ಕು ಭಾಗಗಳಲ್ಲಿ ಆರೋಗ್ಯ ಆಡಳಿತ ಬೇರೆ ಬೇರೆಯಾಗಿದೆ. ವೇಲ್ಸ್‌ನಲ್ಲಿ ಔಷಧ ಚೀಟಿಗೆ ಶುಲ್ಕವಿಲ್ಲ, ಇಂಗ್ಲೆಂಡಿನಲ್ಲಿ ಹಲವರು ಕೊಡಬೇಕಾಗುತ್ತದೆ. ವೇಲ್ಸ್‌ನಲ್ಲಿರುವ ಕಾರ್ಡಿಫ್‌ಗೆ ಅರ್ಜಿ ಹಾಕಿದವರಿಗೆ ಇಷ್ಟು ತಿಳಿದಿರಲೇಬೇಕು. ಬ್ರಿಟನ್ನಿನ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್‌ನ 'ಗುಡ್ ಮೆಡಿಕಲ್ ಪ್ರಾಕ್ಟೀಸ್' ಚಿಕ್ಕ ದಾಖಲೆ, ಪೂರ್ತಿ ಓದಿ.

ಕೆಲವು ಸ್ಟೇಷನ್‌ಗಳಲ್ಲಿ ನಟರೊಬ್ಬರು ದುಃಖದಲ್ಲಿರುವವರಂತೆ ಮಾತನಾಡುತ್ತಾರೆ. ನಮ್ಮ ಮಕ್ಕಳು ಕೂಡಲೇ ಪರಿಹಾರ ಹೇಳಲು ಹೊರಡುತ್ತಾರೆ. ಕೇಳಿಸಿಕೊಳ್ಳಿ, ಮೌನಕ್ಕೆ ಹೆದರಬೇಡಿ.

ಅಭ್ಯಾಸವನ್ನು ಬಾಯಿಬಿಟ್ಟೇ ಮಾಡಬೇಕು. ಗಡಿಯಾರ ಇಟ್ಟುಕೊಂಡು, ಫೋನಿನಲ್ಲಿ ದಾಖಲಿಸಿ, ನಿಮ್ಮನ್ನು ಅಷ್ಟಾಗಿ ಅರಿಯದ ಶಿಕ್ಷಕರ ಮುಂದೆ ಮಾತನಾಡಿ. ಮನೆಯ ವೈದ್ಯರು ರೋಗಶಾಸ್ತ್ರ ಕಲಿಸಲು ಹೊರಟರೆ ವಿನಯದಿಂದ ತಡೆಯಿರಿ. ಅದನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಸಂದರ್ಶನ ಮುಗಿದೊಡನೆ ಎಲ್ಲಿ ತಡವರಿಸಿದಿರೆಂದು ನಿಮಗಾಗಿ ಬರೆದಿಟ್ಟುಕೊಳ್ಳಿ, ಪ್ರಶ್ನೆಗಳನ್ನು ಮಾತ್ರ ಗೆಳೆಯರಿಗೆ ಹೇಳಬೇಡಿ, ಮತ್ತು ಮುಂದಿನ ಸಂದರ್ಶನದವರೆಗೆ ತಡವರಿಸಿದ ಆ ಭಾಗವನ್ನೇ ಅಭ್ಯಾಸ ಮಾಡಿ.