1966ರ ಕ್ಯಾಡಿಲ್ಯಾಕ್ ಕಾಂಬಿನೇಶನ್: ನೀರು ಇಳಿದ ದಾರಿಯಿಂದಲೇ ಕೆಲಸ ಶುರು

ಅಮೆರಿಕದಲ್ಲಿ 1960ರ ದಶಕದಲ್ಲೂ ಆಂಬುಲೆನ್ಸ್ ಸೇವೆಯ ಸುಮಾರು ಅರ್ಧದಷ್ಟನ್ನು ಅಂತ್ಯಕ್ರಿಯೆ ನಡೆಸಿಕೊಡುವವರೇ ನೋಡಿಕೊಳ್ಳುತ್ತಿದ್ದರು. ಮನುಷ್ಯರನ್ನು ಮಲಗಿಸಿ ಒಯ್ಯುವಷ್ಟು ಉದ್ದದ ಗಾಡಿ ಇದ್ದದ್ದು ಅವರ ಹತ್ತಿರ. ಒಂದೇ ಗಾಡಿ ಶವಪೆಟ್ಟಿಗೆಗೂ ಆಗಬೇಕು, ರೋಗಿಗೂ ಆಗಬೇಕು ಎಂದು ಕಟ್ಟಿದ್ದೇ ಕಾಂಬಿನೇಶನ್. ನಾನು ಸರಿಪಡಿಸಿದ್ದು 1966ರ ಮಿಲ್ಲರ್-ಮೀಟಿಯರ್ ಎಂಬ ಬಾಡಿ ಕಟ್ಟುವ ಕಂಪನಿಯದು. ಕ್ಯಾಡಿಲ್ಯಾಕ್‌ನಿಂದ 156 ಇಂಚು ವೀಲ್‌ಬೇಸಿನ (ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ) ಚಾಸಿಸ್, 429 ಘನ ಇಂಚಿನ ವಿ8 ಎಂಜಿನ್ ಮತ್ತು ಮುಂಭಾಗ ಬರುತ್ತಿತ್ತು. ಹಿಂದಿನ ಬಾಡಿಯನ್ನು ಓಹಾಯೋದ ಪಿಕ್ವಾದಲ್ಲಿ ಕಟ್ಟುತ್ತಿದ್ದರು.

ಬಿಡಿಭಾಗ ಹುಡುಕುವಾಗ ಈ ವಿಂಗಡಣೆ ನೆನಪಿರಬೇಕು. ಎಂಜಿನ್, ಗೇರ್‌ಬಾಕ್ಸ್ ಭಾಗಗಳು ಅದೇ ವರ್ಷದ ಕ್ಯಾಡಿಲ್ಯಾಕ್ ಕಾರಿನವು ಬಹುಪಾಲು ಹೊಂದುತ್ತವೆ. ಮುಂಬಾಗಿಲಿನಿಂದ ಹಿಂದಕ್ಕೆ ಇರುವ ತಗಡು, ಬೀಡಿಂಗ್ (ಬಾಗಿಲಂಚಿನ ರಬ್ಬರ್), ಕೀಲುಗಳನ್ನು ಮಾತ್ರ ಹಳೆಯದನ್ನೇ ಅಚ್ಚಾಗಿಟ್ಟುಕೊಂಡು ಮಾಡಿಸಬೇಕು. ಹಾಗಾಗಿ ಕೊಳೆತ ತುಂಡನ್ನೂ ಕೆಲಸ ಮುಗಿಯುವವರೆಗೆ ಬಿಸಾಡಬೇಡಿ.

ಬಿಚ್ಚುವ ಮೊದಲು ನಾಲ್ಕೂ ಚಕ್ರ ನೆಲದ ಮೇಲಿರುವಾಗಲೇ ಪ್ರತಿ ಬಾಗಿಲ ಸಂದನ್ನು ಮೂರು ಕಡೆ ಅಳೆದು ಬರೆದಿಟ್ಟೆ. ಇಷ್ಟು ಉದ್ದದ ಚಾಸಿಸ್ಸನ್ನು ನಡುವೆ ಜ್ಯಾಕ್ ಕೊಟ್ಟು ಎತ್ತಿದರೆ ಬಾಗುತ್ತದೆ, ಸಂದು ಬದಲಾಗುತ್ತದೆ. ಆ ಸ್ಥಿತಿಯಲ್ಲಿ ಹೊಸ ತಗಡು ಬೆಸೆದರೆ, ಗಾಡಿ ಕೆಳಗಿಳಿಸಿದ ಮೇಲೆ ಬಾಗಿಲು ಕೂರುವುದಿಲ್ಲ. ಬೆಸುಗೆ ನಡೆಯುವಷ್ಟು ಹೊತ್ತೂ ಬಾಗಿಲುಗಳು ತಮ್ಮ ಜಾಗದಲ್ಲೇ ಇರಲಿ. ಹಿಂಬಾಗಿಲು ಜೋತುಬಿದ್ದಿದ್ದರೆ ಮೊದಲು ಕೀಲಿನ ಪಿನ್ನು ಬದಲಿಸಿ, ಆಮೇಲೆ ಅಳೆಯಿರಿ.

ಹಂಚಿನ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಹಂಚು ಒಡೆದ ಕಡೆ ಒಂದು, ನೀರು ತೊಟ್ಟಿಕ್ಕುವ ಕಡೆ ಇನ್ನೊಂದು. ಈ ಗಾಡಿಗಳೂ ಹಾಗೆಯೇ. ನೆಲದ ಪ್ಲೈವುಡ್ ಹಿಂಬಾಗಿಲ ಹತ್ತಿರ ಕೊಳೆತಿತ್ತು, ಬಾಗಿಲ ಬೀಡಿಂಗ್ ಮಾತ್ರ ಸರಿಯಾಗಿತ್ತು. ನೀರು ಇಳಿದದ್ದು ಚಾವಣಿಯ ಮೇಲಿನ ತಿರುಗುದೀಪದ ಬೋಲ್ಟ್ ತೂತುಗಳಿಂದ. ಒಳಚಾವಣಿ ಬಟ್ಟೆಯ ಹಿಂದೆ ಹರಿದು, ಬಾಗಿಲ ಪಕ್ಕದ ಟೊಳ್ಳು ಕಂಬದೊಳಗೆ ಇಳಿದು, ನೆಲಕ್ಕೆ ಬಂದಿತ್ತು. ನೆಲ ಮಾತ್ರ ಬದಲಿಸಿ ಬಿಟ್ಟಿದ್ದರೆ ಕೆಲವೇ ಮಳೆಗಾಲಗಳಲ್ಲಿ ಅದೇ ಕಥೆ.

ಆದ್ದರಿಂದ ಚಾವಣಿ ಮೊದಲು. ತಗಡಿನ ಜೋಡಣೆಗಳನ್ನು ಕಾರ್ಖಾನೆಯಲ್ಲಿ ಸೀಸದಿಂದ ತುಂಬಿದ್ದರು. ಬಿರುಕಿದ್ದಲ್ಲಿ ಯಾರೋ ಪುಟ್ಟಿ ಮೆತ್ತಿದ್ದರು. ಪುಟ್ಟಿ ನೀರು ಹೀರಿ ಒಳಗೇ ತುಕ್ಕು ಬೆಳೆಸಿತ್ತು. ಅದನ್ನೆಲ್ಲ ಕೆರೆದು, 70 ಪಾಲು ಸೀಸ 30 ಪಾಲು ತವರದ ಕಡ್ಡಿಯಿಂದಲೇ ಮತ್ತೆ ತುಂಬಿದೆ. ಈ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗತೊಡಗಿ 255ರ ಸುಮಾರಿಗೆ ಪೂರ್ತಿ ಕರಗುತ್ತದೆ. ಇವೆರಡರ ನಡುವೆ ಬೆಣ್ಣೆಯಂತಿರುವಾಗ ಮರದ ಹಲಗೆಯಿಂದ ತೀಡಬೇಕು. ಉರಿ ಹೆಚ್ಚಾದರೆ ಜಾರಿ ಬೀಳುತ್ತದೆ, ಅಗಲವಾದ ಚಾವಣಿ ತಗಡೂ ಅಲೆಯೇಳುತ್ತದೆ. ಸೀಸ ತಗಡಿಗೆ ಹಿಡಿಯಲೆಂದು ಮೊದಲು ಬಳಿಯುವ ಫ್ಲಕ್ಸಿನ ಆಮ್ಲವನ್ನು ಅಡಿಗೆ ಸೋಡಾ ನೀರಿನಿಂದ ತೊಳೆದು ಒಣಗಿಸದಿದ್ದರೆ ಬಣ್ಣ ಗುಳ್ಳೆ ಏಳುವುದು ಖಂಡಿತ. ಸೀಸಕ್ಕೆ ಗ್ರೈಂಡರ್ ಹಿಡಿಯಲೇಬೇಡಿ, ಅರದಿಂದ ಉಜ್ಜಿ. ಮಾಸ್ಕ್ ತೆಗೆಯಬೇಡಿ, ಧೂಳು ಮನೆಗೆ ಒಯ್ಯಬೇಡಿ. ದೀಪದ ತೂತುಗಳಿಗೆ ಒಳಗಿನಿಂದ ತಗಡಿನ ಆಸರೆ, ಹೊರಗೆ 3 ಮಿ.ಮೀ. ನಿಯೋಪ್ರಿನ್ ಗ್ಯಾಸ್ಕೆಟ್.

ನೆಲಕ್ಕೆ 19 ಮಿ.ಮೀ. ಮರೈನ್ ಪ್ಲೈ ಹಾಕಿದೆ. ಗೆದ್ದಲು, ಕೊಳೆ ತಡೆಯುತ್ತದೆಂದು ರಾಸಾಯನಿಕ ತುಂಬಿದ ಮರ ತರುವವರಿದ್ದಾರೆ. ಅದರಲ್ಲಿನ ತಾಮ್ರದ ಲವಣ ತೇವ ತಗುಲಿದಾಗ ಕಬ್ಬಿಣವನ್ನೇ ತಿನ್ನುತ್ತದೆ, ಇಲ್ಲಿಗೆ ಬೇಡ. ಬೋಲ್ಟ್ ತೂತುಗಳನ್ನೆಲ್ಲ ಮೊದಲೇ ಕೊರೆದು, ಅಂಚಿಗೂ ತೂತಿನೊಳಕ್ಕೂ ಮೂರು ಕೈ ಎಪಾಕ್ಸಿ ಬಳಿಯಬೇಕು. ಪ್ಲೈ ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ.

ಕಾಂಬಿನೇಶನ್‌ನ ಜೀವ ಇರುವುದು ಈ ನೆಲದಲ್ಲೇ. ಶವಪೆಟ್ಟಿಗೆ ಜಾರಿಸುವ ರಬ್ಬರ್ ಉರುಳೆಗಳಿರುವ ಹಲಗೆಗಳನ್ನು ಮಗುಚಿ ಹಾಕಿದರೆ ಸ್ಟ್ರೆಚರಿಗೆ ಸಮತಟ್ಟಾದ ನೆಲ. ಪೆಟ್ಟಿಗೆ ಅಲುಗದಂತೆ ಹಿಡಿಯುವ ಬಿಯರ್ ಪಿನ್ನುಗಳಿಗೆ ಬೇರೆ ತೂತುಪಟ್ಟಿ. ಮಗುಚುವ ಹಲಗೆಗೆ ಸುತ್ತ 2 ಮಿ.ಮೀ. ಸಂದು ಬಿಡಲೇಬೇಕು. ಎಪಾಕ್ಸಿ, ಮೇಲುಹಾಸಿನ ದಪ್ಪ ಲೆಕ್ಕಕ್ಕೆ ಸೇರಿಸದೆ ಬಿಗಿಯಾಗಿ ಕತ್ತರಿಸಿ, ನಾನು ಮೊದಲ ಜೋಡಿಯನ್ನು ಮತ್ತೆ ಮಾಡಬೇಕಾಯಿತು. ಒಣಗಿ ಬಿರಿದ ಉರುಳೆಗಳಿಗೆ ದಪ್ಪ ರಬ್ಬರ್ ಕೊಳವೆ ಅಂಟಿಸಿ ಲೇತಿನಲ್ಲಿ ಹಳೆಯ ವ್ಯಾಸಕ್ಕೆ ತಂದೆ. ಎಲ್ಲ ಉರುಳೆಗಳೂ ಒಂದೇ ಎತ್ತರಕ್ಕಿರಬೇಕು, ಇಲ್ಲವಾದರೆ ಭಾರವೆಲ್ಲ ಎರಡರ ಮೇಲೆಯೇ ಬೀಳುತ್ತದೆ.

ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಆ ಕಾಲದ ಯಾವುದೇ ಕ್ಯಾಡಿಲ್ಯಾಕ್ ಇದ್ದ ಹಾಗೆ. ಓಡಿದ ಮೈಲಿ ಕಡಿಮೆ ಎಂದು ಮಾತ್ರ ಹಿಗ್ಗಬೇಡಿ. ಶವಯಾತ್ರೆಯ ನಿಧಾನ ಓಟ, ನಿಂತಲ್ಲೇ ಓಡಿಸಿಟ್ಟ ಗಂಟೆಗಳು ಮೈಲಿಯಲ್ಲಿ ಕಾಣುವುದಿಲ್ಲ. ಆಯಿಲ್ ಪ್ಯಾನ್ ಬಿಚ್ಚಿ ಕೆಸರು ನೋಡಿ, ರೇಡಿಯೇಟರ್ ತೊಳೆಸಿ.

ವೈರಿಂಗ್ ಎರಡು ಪದರ: ಕ್ಯಾಡಿಲ್ಯಾಕ್‌ನದು, ಅದರ ಮೇಲೆ ಬಾಡಿ ಕಟ್ಟಿದವರದು. ಎರಡನೆಯದನ್ನು ಪ್ರತಿ ತಂತಿಗೂ ಚೀಟಿ ಕಟ್ಟಿ, ನಕ್ಷೆ ಬರೆದು ಬಿಚ್ಚಬೇಕು. ಫೆಡರಲ್ ಕಂಪನಿಯ ಕ್ಯೂ ಮಾದರಿಯ ಮೋಟರ್ ಸೈರನ್ ಇದ್ದರೆ ಅದು 12 ವೋಲ್ಟ್‌ನಲ್ಲಿ ಸುಮಾರು 100 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ನೇರವಾಗಿ ದಪ್ಪ ಕೇಬಲ್, ಬ್ಯಾಟರಿ ಬುಡದಲ್ಲೇ ಫ್ಯೂಸ್, ನಡುವೆ ಸೊಲೆನಾಯ್ಡ್ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು). ಡ್ಯಾಶ್‌ಬೋರ್ಡಿನ ಗುಂಡಿಗೆ ಸೊಲೆನಾಯ್ಡ್‌ನ ಸಣ್ಣ ತಂತಿ ಮಾತ್ರ.

ಒಳಚಾವಣಿ, ಪರದೆ, ಸೀಟು ಹಾಕುವ ಮೊದಲು ಪೈಪಿನಿಂದ ನೀರು ಬಿಟ್ಟು ನೋಡಬೇಕು, ಕೆಳಗಿನಿಂದ ಶುರು ಮಾಡಿ. ಬಾಗಿಲ ಹೊಸ್ತಿಲಿಗೆ ಹತ್ತು ನಿಮಿಷ, ಆಮೇಲೆ ಕಿಟಕಿ, ಕೊನೆಗೆ ಚಾವಣಿ. ಮೇಲಿನಿಂದ ಸುರಿದರೆ ಎಲ್ಲ ಕಡೆ ಒಟ್ಟಿಗೇ ಒದ್ದೆಯಾಗಿ ಸೋರಿದ್ದು ಎಲ್ಲಿಂದ ಎಂದು ತಿಳಿಯುವುದಿಲ್ಲ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕಂಬಗಳ ಬುಡವನ್ನೇ ನೋಡುತ್ತಿರಲಿ.