ತಮ್ಮನೂ ಅಣ್ಣನಷ್ಟೇ ಅಗಲ

ನಮ್ಮ ಹೆಗಡೇರ ಮನೆಯ ಗೇಟಿಗೆ ಎರಡು ಕಲ್ಲುಕಂಬ ಇವೆ. ಮೊದಲು ಅಲ್ಲಿ ಬಿದಿರಿನ ಉಣಗೋಲು ಇತ್ತು. ಆಮೇಲೆ ಕಂಬ ನಿಲ್ಲಿಸಿದರು. ನಡುವೆ ಸರಿಯಾಗಿ 7 ಅಡಿ ಜಾಗ. ನನ್ನ ಇನ್ನೋವಾ ಕ್ರಿಸ್ಟಾದ ಮೈ 1830 ಮಿಲಿಮೀಟರ್, ಅಂದರೆ 6 ಅಡಿ. ಕತ್ತಲಲ್ಲೂ ನುಗ್ಗಿಸುತ್ತೇನೆ. ಎರಡು ದೊಡ್ಡ ಕಾರುಗಳನ್ನು ಹೋಲಿಸಿ ನೋಡು ಎಂದು ಹೆಗಡೇರು ಹೇಳಿದಾಗ ನಾನು ಮೊದಲು ಹುಡುಕಿದ್ದು ಟೇಪನ್ನು. ಅದಕ್ಕೆ ಕಾರಣ ಈ ಕಂಬಗಳೇ.

ನಾನು ಶಿರಸಿಯಲ್ಲಿ 22 ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಬಾಡಿಗೆ ಇಲ್ಲದ ದಿನ ಹೆಗಡೇರ ಕೆಲಸ. ಅವರ ಮಗ ಬೆಂಗಳೂರಿನಲ್ಲಿ ಚೆನ್ನಾಗಿ ದುಡಿದಿದ್ದಾರೆ. ಅಪ್ಪನ ಮನೆಗೆ ಒಂದು ರೇಂಜ್ ರೋವರ್ ಬರಬೇಕು ಎಂಬ ಆಸೆ ಅವರದು. ದೊಡ್ಡ ರೇಂಜ್ ರೋವರೋ, ರೇಂಜ್ ರೋವರ್ ಸ್ಪೋರ್ಟೋ ಎಂಬಲ್ಲಿ ಮಾತು ನಿಂತಿತ್ತು. "ಓಡ್ಸೋನು ನೀನು ಮಾರಾಯ, ನೀನೇ ನೋಡಿ ಹೇಳು" ಅಂದರು ಹೆಗಡೇರು. ಮಗನ ಗೆಳೆಯರೊಬ್ಬರ ದೊಡ್ಡ ಗಾಡಿ ದೀಪಾವಳಿ ಮುಗಿದ ಮೇಲೆ ಮೂರು ದಿನಕ್ಕೆ ನಮ್ಮಲ್ಲಿಗೆ ಬಂತು. ಅದೇ ವಾರ ಶೋರೂಮಿನವರು ಒಂದು ದಿನದ ಮಟ್ಟಿಗೆ ಸ್ಪೋರ್ಟ್ ಕಳಿಸಿದರು, ಜೊತೆಗೆ ಒಬ್ಬ ಹುಡುಗ. ಎರಡೂ ಡೀಸೆಲ್. ಎರಡರಲ್ಲೂ ಅದೇ 3 ಲೀಟರಿನ ಆರು ಸಿಲಿಂಡರ್ ಇಂಜಿನ್, ಅದೇ 700 ನ್ಯೂಟನ್ ಮೀಟರ್ ಎಳೆತ, ಅದೇ 8 ಗೇರಿನ ಆಟೋಮ್ಯಾಟಿಕ್. ಹಾಗಾಗಿ ಹೋಲಿಸಲಿಕ್ಕೆ ಸಲೀಸಾಯಿತು.

ಶೋರೂಮ್ ಹುಡುಗ ಇಳಿದ ಕೂಡಲೇ ಹೇಳಿದ್ದು: "ಇದು ಚಿಕ್ಕದು ಅಣ್ಣ, ನಿಮ್ಮ ರೋಡಿಗೆ ಇದೇ ಸರಿ." ನಾನು ಟೇಪ್ ಹಿಡಿದೆ.

ಉದ್ದದಲ್ಲಿ ಅವನ ಮಾತು ನಿಜ. ಸ್ಪೋರ್ಟ್ 4946 ಮಿಲಿಮೀಟರ್. ನಮ್ಮಲ್ಲಿ ಜೋಡಿಸಿ ಮಾರುವ ದೊಡ್ಡ ರೇಂಜ್ ರೋವರ್ ಲಾಂಗ್ ವೀಲ್‌ಬೇಸಿನದು, ಅಂದರೆ ಮುಂದಿನ ಹಿಂದಿನ ಗಾಲಿಗಳ ನಡುವೆ ಅಂತರ ಹೆಚ್ಚಿರುವುದು, 5252. ಒಂದು ಅಡಿ ವ್ಯತ್ಯಾಸ. ಎತ್ತರದಲ್ಲೂ ಸ್ಪೋರ್ಟ್ ಸುಮಾರು 5 ಸೆಂಟಿಮೀಟರ್ ತಗ್ಗು. ಆದರೆ ಅಗಲ? ಕನ್ನಡಿ ಮಡಚಿದರೆ ಎರಡೂ 2047. ಕನ್ನಡಿ ಬಿಚ್ಚಿದರೆ ಎರಡೂ 2209. ಒಂದು ಮಿಲಿಮೀಟರೂ ಹೆಚ್ಚಿಲ್ಲ, ಕಡಿಮೆ ಇಲ್ಲ.

ನಮ್ಮ ಕಡೆ ರಸ್ತೆ ಕಿತ್ತಾಡುವುದು ಅಗಲದ ಜೊತೆಗೆ, ಉದ್ದದ ಜೊತೆಗಲ್ಲ. ತೋಟದ ಕಡೆಗೆ ಇಳಿಯುವ ದಾರಿಯಲ್ಲಿ ಡಾಂಬರು ಇರುವುದೇ 3 ಮೀಟರ್. ಒಂದು ಕಡೆ ಧರೆ, ಇನ್ನೊಂದು ಕಡೆ ಗಟಾರ. ಎದುರಿಗೆ ಸಾರಿಗೆ ಬಸ್ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಬೇಕು. ಬಸ್ಸಿನವ ಹೋಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಅಲ್ಲಿ ನನ್ನ ಗಾಡಿ ಒಂದು ಅಡಿ ಗಿಡ್ಡ ಇದ್ದರೆ ಏನು ಬಂತು? ಹೆಗಡೇರ ಗೇಟಿನಲ್ಲಿ ಕನ್ನಡಿ ಮಡಚಿದರೂ ಎರಡು ಬದಿಗೆ ಉಳಿಯುವುದು ನಾಲ್ಕು ನಾಲ್ಕು ಸೆಂಟಿಮೀಟರ್. ಎರಡೂ ಗಾಡಿಯನ್ನು ಮಗ ಓಡಿಸಿದರು, ನಾನು ಮುಂದೆ ಹಿಮ್ಮುಖ ನಡೆಯುತ್ತಾ "ಬನ್ನಿ, ಬನ್ನಿ, ಸ್ವಲ್ಪ ಎಡಕ್ಕೆ" ಅನ್ನುತ್ತಾ ಒಳಗೆ ತಂದೆ. ಅಷ್ಟು ದುಡ್ಡಿನ ಬಣ್ಣಕ್ಕೆ ಕಲ್ಲು ತಾಗಿದರೆ ಏನು ಗತಿ ಎಂದು ಬೆನ್ನು ಬೆವರಿತ್ತು.

ಅಂಗಳದಲ್ಲಿ ನಡೆದದ್ದು ನನಗೂ ಆಶ್ಚರ್ಯ. ತುಳಸಿಕಟ್ಟೆಗೂ ಕೊಟ್ಟಿಗೆ ಗೋಡೆಗೂ ನಡುವೆ ಸುಮಾರು 40 ಅಡಿ. ಅಲ್ಲೇ ಗಾಡಿ ತಿರುಗಿಸಬೇಕು. ದೊಡ್ಡದು ಒಂದೇ ಸುತ್ತಿಗೆ ತಿರುಗಿ ಗೇಟಿಗೆ ಮುಖ ಮಾಡಿ ನಿಂತಿತು. ಚಿಕ್ಕದು ಅನ್ನಿಸಿಕೊಂಡ ಸ್ಪೋರ್ಟ್ ಕೊಟ್ಟಿಗೆ ಗೋಡೆಯ ಹತ್ತಿರ ಹೋಗಿ ನಿಂತುಬಿಟ್ಟಿತು. ರಿವರ್ಸ್, ಮುಂದೆ, ಮತ್ತೆ ರಿವರ್ಸ್. ಒಳಗಿದ್ದ ಎಮ್ಮೆ ಒಂದು ಸಲ ಕೂಗಿತು.

ಕಾರಣ ಹಿಂದಿನ ಗಾಲಿ. ದೊಡ್ಡ ರೇಂಜ್ ರೋವರಿನಲ್ಲಿ ಹಿಂದಿನ ಗಾಲಿಗಳೂ ತಿರುಗುತ್ತವೆ, 7.3 ಡಿಗ್ರಿಯವರೆಗೆ. ನಿಧಾನ ಹೋಗುವಾಗ ಮುಂದಿನ ಗಾಲಿ ಬಲಕ್ಕೆ ಹೊರಳಿದರೆ ಹಿಂದಿನದು ಎಡಕ್ಕೆ ಹೊರಳುತ್ತದೆ. ಉದ್ದದ ಗಾಡಿ ಗಿಡ್ಡ ಆದ ಹಾಗೆ ಆಗುತ್ತದೆ. ವೇಗದಲ್ಲಿ ಎರಡೂ ಒಂದೇ ಕಡೆ ಹೊರಳಿ ಗಾಡಿಯನ್ನು ನೆಟ್ಟಗೆ ಹಿಡಿಯುತ್ತವೆ. ಈ ಏರ್ಪಾಡು ದೊಡ್ಡದರಲ್ಲಿ ಗಾಡಿಯ ಜೊತೆಗೇ ಬರುತ್ತದೆ. ಸ್ಪೋರ್ಟಿನಲ್ಲಿ ಬೇಕು ಅಂದವರು ಸೇರಿಸಿಕೊಳ್ಳಬೇಕು, ನಮ್ಮ ಡೆಮೊ ಗಾಡಿಯಲ್ಲಿ ಇರಲಿಲ್ಲ. ಆ ಹುಡುಗ ಇದನ್ನು ಬಾಯಿ ಬಿಡಲೇ ಇಲ್ಲ. ನಾನು ಬಗ್ಗಿ ಹಿಂದಿನ ಗಾಲಿ ನೋಡಿ ಕೇಳಿದ ಮೇಲೆ "ಹೌದಣ್ಣ, ಅದು ಬೇರೆ ಪ್ಯಾಕು" ಅಂದ. ಒಂದು ಕೋಟಿ ಚಿಲ್ಲರೆಯ ಗಾಡಿ ಮಾರುವವನು ಇಷ್ಟನ್ನಾದರೂ ಮೊದಲೇ ಹೇಳಬೇಕಲ್ವಾ?

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ರೇಂಜ್ ರೋವರ್ ಮೊದಲು ಬಂದದ್ದು 1970ರಲ್ಲಿ, ಬ್ರಿಟನ್ನಿನಲ್ಲಿ. ಆಗ ಅದು ತೋಟ, ಗದ್ದೆ ಇದ್ದವರ ಗಾಡಿ. ಒಳಗೆ ಪ್ಲಾಸ್ಟಿಕ್, ರೆಕ್ಸಿನ್. ಕೆಸರಾದರೆ ಪೈಪು ಹಿಡಿದು ತೊಳೆಯಬಹುದಿತ್ತು. ಸ್ಪೋರ್ಟ್ ಬಂದದ್ದು 2005ರಲ್ಲಿ. ಆ ಮೊದಲ ಸ್ಪೋರ್ಟ್ ಹೆಸರಿಗಷ್ಟೇ ತಮ್ಮ, ಕೆಳಗಿನ ಅಡಿಪಾಯ ಡಿಸ್ಕವರಿಯಿಂದ ಬಂದದ್ದು. ಈಗಿನ ಎರಡಕ್ಕೂ ಅಡಿಪಾಯ ಒಂದೇ. ಪೈಪು ಹಿಡಿದು ತೊಳೆಯುವ ಕಾಲ ಮಾತ್ರ ಹೋಯಿತು. ಈಗ ಬಿಳಿ ಚರ್ಮದ ಸೀಟು. ಹೆಗಡೇರ ಮನೆಯಿಂದ ಬೆಂಗಳೂರಿಗೆ ಹೋಗುವುದು ಬಾಳೆಗೊನೆ, ತೆಂಗಿನಕಾಯಿ, ಹಲಸಿನಹಣ್ಣು. ಹಲಸಿನ ಮೇಣ ಆ ಸೀಟಿಗೆ ತಾಗಿದ ದಿನ ನಾನು ರಜೆಯ ಮೇಲಿರಲಿ ದೇವರೇ.

ಹಿಂದಿನ ಬಾಗಿಲಲ್ಲೂ ವ್ಯತ್ಯಾಸ ಇದೆ. ದೊಡ್ಡದರದು ಎರಡು ಹೋಳು, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಕೆಳಗಿನ ಹೋಳಿನ ಮೇಲೆ ಕೂತು ಚಾ ಕುಡಿಯಬಹುದು, ನಾವೂ ಕುಡಿದೆವು. ಆದರೆ ಗೊನೆ ಒಳಗೆ ತಳ್ಳುವಾಗ ಆ ಹೋಳು ಹೊಟ್ಟೆಗೆ ಅಡ್ಡ ಬರುತ್ತದೆ. ಸ್ಪೋರ್ಟಿನದು ಒಂದೇ ಬಾಗಿಲು, ಪೂರ್ತಿ ಮೇಲಕ್ಕೆ. ಹೊರೆ ಎತ್ತುವವನಿಗೆ ಅದೇ ವಾಸಿ.

ಇನ್ನು ಘಟ್ಟ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಕುಮಟಾಕ್ಕೆ 60 ಕಿಲೋಮೀಟರ್, ನಡುವೆ ದೇವಿಮನೆ ಘಟ್ಟ. ರಸ್ತೆ ಅಗಲ ಮಾಡುವ ಕೆಲಸದಿಂದಾಗಿ ನಾವು ಹೋದಾಗ ಕೆಲವು ಕಡೆ ಹೊಸ ಕಾಂಕ್ರೀಟು, ಕೆಲವು ಕಡೆ ಬರೀ ಜಲ್ಲಿ, ಧೂಳು. ಹೋಲಿಸಿ ನೋಡಲಿಕ್ಕೆ ಇದಕ್ಕಿಂತ ಒಳ್ಳೆಯ ರಸ್ತೆ ಬೇಕಾ?

ಎರಡು ದಿನ ಎರಡು ಗಾಡಿ. ಎರಡೂ ದಿನ ಹಿಂದಿನ ಸೀಟಿನಲ್ಲಿ ಆಯಿ, ಅಂದರೆ ಹೆಗಡೇರ ತಾಯಿ. 80 ದಾಟಿದ ಜೀವ, ಮೊಣಕಾಲು ನೋವು. ನಿಂತಾಗ ಎರಡೂ ಗಾಡಿ ಗಾಳಿ ಸಸ್ಪೆನ್ಶನ್ ಇಳಿಸಿ 5 ಸೆಂಟಿಮೀಟರ್ ಕೆಳಗೆ ಬಗ್ಗುತ್ತವೆ. ಆಯಿಗೆ ಅದೂ ಸಾಲಲಿಲ್ಲ. ಅಡುಗೆಮನೆಯ ಮಣೆ ತಂದು ಕೆಳಗಿಟ್ಟೆವು. ಆಮೇಲೆ ಮಣೆ ಗಾಡಿಯ ಜೊತೆಗೇ ಪ್ರಯಾಣ ಮಾಡಿತು. ದೊಡ್ಡದರ ಹಿಂದಿನ ಬಾಗಿಲು ಉದ್ದ. ಗಾಲಿಗಳ ನಡುವಿನ ಅಂತರ 3197, ಸ್ಪೋರ್ಟಿನದು 2997. ಆ 20 ಸೆಂಟಿಮೀಟರ್ ಪೂರ್ತಿ ಹಿಂದೆ ಕೂತವರ ಕಾಲಿಗೆ. ಆಯಿ ಕಾಲು ಚಾಚಿ ಕೂತರು. "ತಮಾ, ಇದು ಅಡ್ಡಿಲ್ಲೆ" ಅಂದರು.

ಮೊದಲ ದಿನ ದೊಡ್ಡದರಲ್ಲಿ ಮಗ ಓಡಿಸಿದರು, ನಾನು ಆಯಿಯ ಪಕ್ಕ ಕೂತೆ. ಡ್ರೈವರ್ ಆದವನು ಹಿಂದೆ ಕೂರುವುದೇ ಕಡಿಮೆ. ಆದರೆ ಇಂಥ ಗಾಡಿಯನ್ನು ಸ್ಟಿಯರಿಂಗ್ ಹಿಡಿದು ಅಳೆದರೆ ಅರ್ಧ ಮಾತ್ರ ಗೊತ್ತಾಗುತ್ತದೆ. ಜಲ್ಲಿಯ ಮೇಲೆ ಹೋಗುವಾಗ ಒಳಗೆ ಸದ್ದೇ ಇಲ್ಲ. ಹೊಂಡ ಕಣ್ಣಿಗೆ ಕಾಣುತ್ತದೆ, ಸೊಂಟಕ್ಕೆ ಗೊತ್ತಾಗುವುದಿಲ್ಲ. ಘಟ್ಟದ ತಿರುವು ಶುರುವಾದ ಮೇಲೆ ಕತೆ ಬೇರೆ. ಮೆತ್ತಗಿನ ಗಾಡಿ, ಎರಡೂವರೆ ಟನ್ನಿಗಿಂತ ಜಾಸ್ತಿ ತೂಕ. ಪ್ರತಿ ತಿರುವಿಗೆ ದೋಣಿಯಂತೆ ಸಣ್ಣಗೆ ಒಂದು ಬದಿಗೆ ಒರಗಿ, ಮತ್ತೆ ಎದ್ದು, ಇನ್ನೊಂದು ಬದಿಗೆ. ಆರನೆಯ ತಿರುವಿಗೆ ಆಯಿ ಸೆರಗಿನಿಂದ ನಿಂಬೆಹಣ್ಣು ತೆಗೆದು ಮೂಸಿದರು. ಎಂಟನೆಯದಕ್ಕೆ "ಹೊಟ್ಟೆ ತೊಳಸ್ತು, ನಿಲ್ಸು" ಅಂದರು. ದೇವಿಮನೆಯಲ್ಲಿ ಚಾ ಕುಡಿದದ್ದು ಹಾಗೆ.

ಮರುದಿನ ಸ್ಪೋರ್ಟ್. ಜಲ್ಲಿಯ ಮೇಲೆ ಇದು ಗಡುಸು. ಟೈರಿನ ಸದ್ದು ಒಳಗೆ ಬರುತ್ತದೆ, ಸಣ್ಣ ಹೊಂಡಕ್ಕೂ ಬೆನ್ನಿಗೆ ಸುದ್ದಿ ಮುಟ್ಟುತ್ತದೆ. ಆದರೆ ತಿರುವಿನಲ್ಲಿ ಗಟ್ಟಿ ನಿಲ್ಲುತ್ತದೆ, ಒರಗುವುದು ಕಡಿಮೆ. ನಿಂಬೆಹಣ್ಣು ಸೆರಗಿನಲ್ಲೇ ಉಳಿಯಿತು. ಆಯಿ ಘಟ್ಟದ ಕೆಳಗಿನ ಕತಗಾಲದವರೆಗೂ ಮಾತಾಡುತ್ತಾ ಬಂದರು, ಹೆಚ್ಚಿನದು ಸೊಸೆಯ ಮೇಲಿನ ದೂರು. ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಮುದುಕರಿಗೆ ಮೆತ್ತಗಿನ ಗಾಡಿಯೇ ಸುಖ ಎಂದು ಇಷ್ಟು ವರ್ಷ ನಂಬಿದ್ದೆ.

ವಾಪಸು ಹತ್ತುವಾಗ ನಾನೇ ಓಡಿಸಿದೆ. ಸ್ಪೋರ್ಟಿನ ಸೀಟು ತಗ್ಗು, ಗಾಡಿಯೊಳಗೆ ಇಳಿದು ಕೂತ ಹಾಗೆ. ಕಂಪನಿಯ ಲೆಕ್ಕದಲ್ಲಿ ಇದು 0ಯಿಂದ 100ಕ್ಕೆ 5.9 ಸೆಕೆಂಡಿನಲ್ಲಿ ಮುಟ್ಟುತ್ತದೆ. ದೇವಿಮನೆಯಲ್ಲಿ ಆ ಅಂಕಿ ಇಟ್ಟುಕೊಂಡು ಏನು ಮಾಡುವುದು? ಬೇಕಾದದ್ದು 20ರಿಂದ 50ಕ್ಕೆ ಲಾರಿಯನ್ನು ದಾಟುವ ಎಳೆತ. ಅದು ಎರಡರಲ್ಲೂ ಧಾರಾಳ ಇದೆ. ದೊಡ್ಡದರಲ್ಲಿ ಎತ್ತರಕ್ಕೆ ಕೂರುತ್ತೇವೆ, ಬಾನೆಟ್ಟಿನ ಎರಡೂ ಮೂಲೆ ಕಾಣುತ್ತವೆ, ಗಟಾರದ ಅಂಚು ಅಂದಾಜಿಗೆ ಸಿಗುತ್ತದೆ. ಸ್ಪೋರ್ಟಿನಲ್ಲಿ ಎಡಗಡೆಯ ಅಂಚನ್ನು ಕ್ಯಾಮೆರಾ ನೋಡಿ ನಂಬಬೇಕು. ನಾನು ಕ್ಯಾಮೆರಾ ನಂಬುವ ಜನ ಅಲ್ಲ. ಇಳಿಯುವಾಗ ಎರಡರಲ್ಲೂ ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಎರಡನೇ ಗೇರಿಗೆ ಇಳಿಸಿ ಬಿಡಬೇಕು. ಬರೀ ಬ್ರೇಕ್ ತುಳಿಯುತ್ತಾ ಬಂದರೆ ಅಷ್ಟು ತೂಕಕ್ಕೆ ಪ್ಯಾಡ್ ಕಾಯುತ್ತದೆ, ವಾಸನೆ ಬರುತ್ತದೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. 2024ರ ಮೇ ತಿಂಗಳಲ್ಲಿ ಕಂಪನಿಯವರು ಇವನ್ನು ಪುಣೆಯಲ್ಲೇ ಜೋಡಿಸುವುದಾಗಿ ಹೇಳಿದಾಗ ದೊಡ್ಡದರ ಶೋರೂಮ್ ಬೆಲೆ 2.36 ಕೋಟಿಯಿಂದ ಶುರು, ಸ್ಪೋರ್ಟಿನದು 1.40 ಕೋಟಿಯಿಂದ. ಅದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ ಶೇಕಡಾ 18, ಮತ್ತೆ ಸೆಸ್. ಆ ಬೆಲೆಗೆ ಸ್ಪೋರ್ಟಿಗೇ ತೆರಿಗೆ 25 ಲಕ್ಷ ದಾಟುತ್ತಿತ್ತು. ತೆರಿಗೆಯ ದುಡ್ಡಿನಲ್ಲಿ ಒಂದು ಹೊಸ ಇನ್ನೋವಾ! ಹೆಗಡೇರಿಗೆ ಇದನ್ನು ಹೇಳಿದಾಗ ಕವಳದ ಬಾಯಿ ಹಾಗೇ ನಿಂತಿತು.

ಕೊನೆಗೆ ಜಗಲಿಯ ಮೇಲೆ ಕೂತು ಕೇಳಿದರು. ನಾನು ಹೇಳಿದ್ದು ಇಷ್ಟು. ಬೆಂಗಳೂರಲ್ಲೇ ಇದ್ದು ಹಿಂದೆ ಕೂತು ಆಫೀಸಿಗೆ ಹೋಗುವವರಾದರೆ ದೊಡ್ಡದು. ಘಟ್ಟ ಹತ್ತಿ ಇಳಿಯುವ ಮನೆಯಾದರೆ ಸ್ಪೋರ್ಟ್, ಆದರೆ ಹಿಂದಿನ ಗಾಲಿ ತಿರುಗುವುದನ್ನು ಸೇರಿಸಿಕೊಂಡು. ಚಿಕ್ಕದು ಅಂತ ತಗೊಳ್ಳುವುದಾದರೆ ಬೇಡ, ಅದು ಚಿಕ್ಕದಲ್ಲ. ಗಾಲಿಯೂ ಆದಷ್ಟು ಸಣ್ಣದೇ ಇರಲಿ ಅಂದೆ. ಗಾಲಿ ದೊಡ್ಡದಾದಷ್ಟೂ ಟೈರಿನ ಗೋಡೆ ಗಿಡ್ಡವಾಗುತ್ತದೆ, ಮಳೆಗಾಲದ ನೀರು ತುಂಬಿದ ಹೊಂಡದಲ್ಲಿ ಒಡೆಯುವುದು ಅದೇ.

ಮಗ ಸ್ಪೋರ್ಟ್ ಬುಕ್ ಮಾಡಿದರು. ಗಾಡಿ ಬರುವ ಮೊದಲು ಮೇಸ್ತ್ರಿಯನ್ನು ಕರೆಸಿ ಗೇಟಿನ ಎಡಗಡೆಯ ಕಂಬ ಕೀಳಿಸಿ ಎರಡು ಅಡಿ ಆಚೆ ನಿಲ್ಲಿಸಿದೆವು. ಮೇಸ್ತ್ರಿ ಸಿಮೆಂಟ್ ಕಲಸುತ್ತಾ, "ದೊಡ್ಡ ಗಾಡಿ ತಗಂಡ್ರಾ ಹೆಗಡೇರೆ?" ಎಂದು ಕೇಳಿದ. "ಇಲ್ಲ ಮಾರಾಯ, ಸಣ್ಣದೇ" ಅಂದರು ಹೆಗಡೇರು.